ಸದಸ್ಯರೇ ಇಲ್ಲದ ಷಟಲ್ ಕ್ಲಬ್

ನಾನು ಹಾಸನದಲ್ಲಿ ಎಂಜಿನಿಯರಿಂಗ್ ಹುಡುಗರಿಗೆ ಕಂಪ್ಯೂಟರ್ ಪಾಠ ಹೇಳುತ್ತೇನೆ. ಹೆಂಡತಿ ಹೊಳೆನರಸೀಪುರದ ಕೋರ್ಟಿನಲ್ಲಿ ವಕೀಲೆ. ಕಾನೂನನ್ನು ಕಂಪ್ಯೂಟರಿಗೆ ತಪ್ಪಿಲ್ಲದೆ ತಿಳಿಸಲೆಂದೇ ಈಗ ಪ್ರೋಗ್ರಾಮಿಂಗ್ ಭಾಷೆಗಳಿವೆ. ವಕೀಲರೂ ಪ್ರೋಗ್ರಾಮರೂ ಪಕ್ಕದಲ್ಲಿ ಕೂತು ಒಂದೊಂದೇ ವಾಕ್ಯ ಬರೆಯಬೇಕು. ಅಂಥದ್ದೊಂದನ್ನು ಕಲಿಯಲು ಹೊರಟೆವು. ಮೊದಲ ಸಂಜೆ 'ಅಥವಾ' ಎಂಬ ಪದಕ್ಕೆ ಜಗಳವಾಗಿ ಊಟ ತಡವಾಯಿತು.

ಅಭ್ಯಾಸಕ್ಕೆ ಆರಿಸಿಕೊಂಡದ್ದು ಅರಕಲಗೂಡಿನ ಷಟಲ್ ಕ್ಲಬ್ಬಿನ ನಿಯಮಾವಳಿ. ನನ್ನ ಸೋದರಮಾವ ಶುರುವಿನಿಂದಲೂ ಅದರ ಅಧ್ಯಕ್ಷ. ಅಧ್ಯಕ್ಷ ಒಪ್ಪಿದವನೇ ಸದಸ್ಯ, ಸದಸ್ಯನಾದವನೇ ಅಧ್ಯಕ್ಷನಾಗಬಹುದು ಎಂದು ಅದರಲ್ಲಿತ್ತು. ಹಾಗೇ ಬರೆದೆವು. ಸದಸ್ಯರು ಯಾರೂ ಇಲ್ಲ ಎಂದು ಪ್ರೋಗ್ರಾಮ್ ಉತ್ತರ ಕೊಟ್ಟಿತು. ಮೊದಲ ಅಧ್ಯಕ್ಷನನ್ನು ಒಪ್ಪಿದವರು ಯಾರೂ ಇರಲಿಲ್ಲವಲ್ಲ.

ಮಾವನಿಗೆ ಫೋನಿನಲ್ಲಿ ಹೇಳಿದೆ.

"ಅಂಗಾರೆ ಇಷ್ಟ್ ವರ್ಸ ಆಡಿದ್ದು ಯಾರ್ಲಾ, ದೆವ್ವಗಳಾ?"

ಸುದ್ದಿ ಊರಲ್ಲಿ ಹರಡಿತು. ಷಟಲ್ ಗೆರೆಯ ಒಳಗೆ ಬಿತ್ತೋ ಹೊರಗೆ ಬಿತ್ತೋ ಎಂದು ಪ್ರತಿ ಸಲವೂ ತಕರಾರು ತೆಗೆಯುತ್ತಿದ್ದ ನಿವೃತ್ತ ಮೇಷ್ಟ್ರೊಬ್ಬರನ್ನು ಮಾವ ಕ್ಲಬ್ಬಿನಿಂದ ಹೊರಹಾಕಿದ್ದ. ಹೊರಹಾಕುವುದಕ್ಕೆ ಸದಸ್ಯರ ಸಭೆಯ ಒಪ್ಪಿಗೆ ಬೇಕು. ಸದಸ್ಯರೇ ಇಲ್ಲದ ಮೇಲೆ ಸಭೆಯೆಲ್ಲಿಯದು? ಭಾನುವಾರ ಬೆಳಗ್ಗೆ ಮೇಷ್ಟ್ರು ರಾಕೆಟ್ ಹಿಡಿದು ಷಟಲ್ ಕೋರ್ಟಿನಲ್ಲಿ ನಿಂತಿದ್ದರು.

"ನಿನ್ ಪ್ರೋಗ್ರಾಮ್ನ ವಾಪಸ್ ತಕಳ್ಳಾ," ಎಂದು ಮಾವನ ಫೋನು.

ಆ ಭಾಷೆಯಲ್ಲಿ ಮೊದಲು ಸಾಮಾನ್ಯ ನಿಯಮ ಬರೆದು, ಆಮೇಲೆ ಅಪವಾದ ಸೇರಿಸಬಹುದು. ಹೆಂಡತಿ ಯೋಚಿಸಿ ಒಂದು ಅಪವಾದ ಬರೆಸಿದಳು: ಕ್ಲಬ್ಬು ಶುರುವಾದ ದಿನ ಆಡಿದವರೆಲ್ಲ ಸದಸ್ಯರು. ಈಗ ಪ್ರೋಗ್ರಾಮ್ ಮಾವನನ್ನು ಒಪ್ಪಿತು. ಆದರೆ ಆವತ್ತು ಮಾವನ ಎದುರಿಗೆ ಆಡಿದ್ದು ಇದೇ ಮೇಷ್ಟ್ರು. ಅವರನ್ನೂ ಒಪ್ಪಿತು. ಹೊರಹಾಕಿದ ದಿನವಾದರೂ ಸಭೆ ನಡೆದಿತ್ತೇ ಎಂದು ಹೆಂಡತಿ ಮಾವನನ್ನು ಫೋನಿನಲ್ಲಿ ಕೇಳಿದಳು.

"ಸಬೆ ಎಂತದು ಕಣವ್ವಾ, ನಾನು ಓಗಿ ಅಂದೆ, ಅವ್ರು ಓದ್ರು," ಎಂದ ಮಾವ.

"ಹಾಗಾದ್ರೆ ಅವರಿನ್ನೂ ಸದಸ್ಯರೇ, ಮಾವ."

ಮಾವ ಫೋನಿಟ್ಟ. ಕಾನೂನು ಗೊತ್ತಿರುವ ಸೊಸೆಯ ಜೊತೆ ವಾದಿಸುವವನಲ್ಲ.

ಮುಂದಿನ ವಾರ ನಾವಿಬ್ಬರೂ ನೋಡಲು ಹೋದೆವು. ಮಾವ, ಮೇಷ್ಟ್ರು ಇಬ್ಬರೂ ನೆಟ್ಟಿನ ಒಂದೇ ಕಡೆ ನಿಂತಿದ್ದರು. ನಾನು ಆಶ್ಚರ್ಯದಿಂದ ಮಾವನ ಮುಖ ನೋಡಿದೆ.

"ಎದುರ್ಗಿದ್ರೆ ಗೆರೆ ಜಗಳ ನಂಗೆ ಬತ್ತದೆ. ಪಕ್ಕದಾಗಿದ್ರೆ ಅದು ಅವ್ರ ತಲೆನೋವು ಕಣ್ಲಾ," ಎಂದು ಮಾವ ಎದುರಿನವರ ಕಡೆ ಕಣ್ಣಲ್ಲೇ ಸನ್ನೆ ಮಾಡಿದ.