ಅಜ್ಜಿಗಾಗಿ ಅತ್ತ ಕ್ಯಾಸೆಟ್ಟು

ಹರಪನಹಳ್ಳಿಯ ನಮ್ಮ ಓಣಿಗೆ ಪರದೇಶದ ರಾಕ್ ಸಂಗೀತ ದಯಮಾಡಿಸಿದ್ದು ತೊಂಬತ್ತರ ದಶಕದ ಕೊನೆಯಲ್ಲಿ, ನನ್ನ ಮೂಲಕ. ಈ ಐತಿಹಾಸಿಕ ಘಟನೆಗೆ ಯಾರೂ ಹಾರ ತರಲಿಲ್ಲ ಎನ್ನುವಂತಿಲ್ಲ. ಒಂದು ಬಂದಿತ್ತು, ಬೇರೆ ಕಾರಣಕ್ಕೆ.

ದಾವಣಗೆರೆಯಲ್ಲಿ ಓದುತ್ತಿದ್ದ ಗೆಳೆಯ ಒಂದು ಕ್ಯಾಸೆಟ್ ತುಂಬಿಸಿ ಕೊಟ್ಟಿದ್ದ. ಯಾವುದೋ ತಂಡದ ಪುಟ್ಟ ಆಲ್ಬಂ, ನಾಲ್ಕೇ ಹಾಡು. ಮಂಜಿನೊಳಗೆ ಕೂತು ನುಡಿಸಿದಂಥ ಗಿಟಾರು. ಅದರ ಹಿಂದೆ, ಬಾವಿಯ ತಳದಿಂದ ಎದ್ದಂಥ ಹೆಣ್ಣುದನಿ. ಮಾತು ಒಂದೂ ತಿಳಿಯುತ್ತಿರಲಿಲ್ಲ. ಬಹುಶಃ ಮಾತೇ ಇರಲಿಲ್ಲ.

ಒಂದು ಮಧ್ಯಾಹ್ನ ಅದನ್ನು ಜೋರಾಗಿ ಹಚ್ಚಿ ಕೂತಿದ್ದೆ. ಒಳಗೆ ಅಜ್ಜಿ ಹಾಸಿಗೆ ಹಿಡಿದಿದ್ದಳು. ನಮ್ಮ ಕಡೆ ಸತ್ತವರ ಮುಂದೆ ಹೆಂಗಸರು ಹಾಡ್ಯಾಡಿಕೊಂಡು ಅಳುತ್ತಾರೆ. ಆ ರಾಗ ಕೇಳಿಯೇ ಓಣಿ ಸೇರುತ್ತದೆ. ಸೇರಿತು. ಎದುರುಮನೆಯ ಮುದುಕ ತಲೆಗೆ ಟವೆಲು ಸುತ್ತಿ, ಹಾರ ಹಿಡಿದು ಹೊಸ್ತಿಲಲ್ಲಿ ನಿಂತ.

“ಯಾವಾಗ ಆತಪ್ಪ?”

ಉತ್ತರ ಅಜ್ಜಿಯೇ ಕೊಟ್ಟಳು: “ಇನ್ನಾ ಆಗಿಲ್ಲೋ. ಬಂದೀಯಲ್ಲ, ಚಾ ಕುಡದು ಹೋಗು.”

ಜನ ಚದುರಿದ ಮೇಲೆ ನನ್ನನ್ನು ಕರೆದಳು.

“ಅಳಾಕಿ ಯಾರಲೇ?”

“ಅಳೋದಲ್ಲಜ್ಜಿ, ಹಾಡು. ಪರದೇಶದಾಕಿ.”

“ಆಕಿಗೆ ಯಾರು ಸತ್ತಾರ?”

ನಾನು ಕ್ಯಾಸೆಟ್ಟಿನ ಡಬ್ಬಿ ತಿರುಗಿಸಿ ನೋಡಿದೆ.

“ನನಗ ಹೆಣ್ಣುಮಕ್ಕಳಿಲ್ಲ. ಸೊಸಿ ಅತ್ರ ಮಂದಿ ನೋಡ್ಲಿ ಅಂತ ಅಳ್ತಾಳ. ನಾ ಹೋದ ದಿನ ಈಕಿನ್ನ ಹಚ್ಚು.”

ಅಡುಗೆಮನೆಯಲ್ಲಿ ಅವ್ವ ಒಂದು ಪಾತ್ರೆಯನ್ನು ಅಗತ್ಯಕ್ಕಿಂತ ಜೋರಾಗಿ ಇಟ್ಟಳು.

ಮೆಕ್ಕೆಜೋಳ ಪೇಟೆಗೆ ಬರುವ ಹೊತ್ತಿಗೆ ಅಜ್ಜಿ ಹೋದಳು. ವಿಭೂತಿ ಹಚ್ಚಿ, ಪಡಸಾಲೆಯ ಗೋಡೆಗೆ ಒರಗಿಸಿ ಕೂಡಿಸಿದ್ದರು. ಹೆಂಗಸರು ಸುತ್ತ ಕೂತರು. ರಾಗ ಮಾತ್ರ ಏಳಲಿಲ್ಲ. ಮಗಳು ಎತ್ತಬೇಕು, ಉಳಿದವರು ಕೂಡಬೇಕು, ಅದು ಪದ್ಧತಿ. ಎತ್ತಬೇಕಾದವಳು ಹುಟ್ಟಿಯೇ ಇರಲಿಲ್ಲ.

“ಹಚ್ಚಲೇನಪ್ಪಾ?” ಅಂದೆ.

“ಹುಚ್ಚೇನಲೇ ನಿನಗ?” ಅಂದ ಅಪ್ಪ. ಅಜ್ಜಿಯ ಮುಖ ನೋಡಿದ. “ಸಣ್ಣಗ ಹಚ್ಚು.”

ದನಿ ಎದ್ದಿತು. ಹೆಂಗಸರು ಮುಖ ಮುಖ ನೋಡಿಕೊಂಡರು. ಆಗ ಅವ್ವ ಎಲ್ಲರಿಗೂ ಬೆನ್ನುಮಾಡಿ ಅಜ್ಜಿಯ ಮೊಣಕಾಲಿಗೆ ತಲೆ ಹಚ್ಚಿ, ಆ ರಾಗಕ್ಕೆ ಮಾತು ಕೂಡಿಸಿದಳು: “ಎಲ್ಲಿಗಿ ಹೊಂಟೀಯ ನನ್ನತ್ತೀ, ಒಲಿ ಮ್ಯಾಲ ನೀರಿಟ್ಟೀನಿ…”

ನಾಲ್ಕು ಹಾಡು ಮುಗಿದು ಟೇಪಿನ ಗುಂಡಿ ಟಕ್ಕೆಂದು ಮೇಲೆದ್ದಿತು. ಅವ್ವ ನಿಲ್ಲಿಸಲಿಲ್ಲ.

ಮುಂದೆ ಆ ಕ್ಯಾಸೆಟ್ ಹಚ್ಚಿದರೆ ಒಳಗಿಂದ ಕೂಗುತ್ತಿದ್ದಳು: “ಆರಿಸೋ ಅದನ್ನ, ಅತ್ತಿ ಎದ್ದು ಬಂದಂಗಾಗ್ತೈತಿ.”

ಆರಿಸುತ್ತಿದ್ದೆ. ಇಬ್ಬರೂ ಸ್ವಲ್ಪ ಹೊತ್ತು ಪಡಸಾಲೆಯ ಆ ಗೋಡೆಯ ಕಡೆ ನೋಡುತ್ತಿರಲಿಲ್ಲ.