ನಡತೆ ಪತ್ರಕ್ಕೆ ಬಿದ್ದ ಸಹಿ

ಪೆನ್ನಿನ ಕ್ಯಾಪ್ ತೆಗೆದ ಪ್ರಿನ್ಸಿಪಾಲರು ಸಹಿ ಹಾಕದೆ ನನ್ನ ಕಾಗದವನ್ನೇ ನೋಡುತ್ತ ಕುಳಿತರು. 2004ರ ಸುಮಾರಿನ ಮಾತು. ಮರುದಿನ ನನಗೆ ಸರ್ಕಾರಿ ಗುಮಾಸ್ತ ಹುದ್ದೆಯ ಸಂದರ್ಶನವಿತ್ತು. ಗೆಜೆಟೆಡ್ ಅಧಿಕಾರಿಯ ಸಹಿಯಿರುವ ನಡತೆ ಪ್ರಮಾಣಪತ್ರ ಇಲ್ಲದಿದ್ದರೆ ಒಳಗೇ ಬಿಡುತ್ತಿರಲಿಲ್ಲ. ಒಕ್ಕಣೆಯನ್ನು ನಾವೇ ಬರೆದುಕೊಂಡು ಹೋಗಿ ಸಹಿಯಷ್ಟೇ ಕೇಳುವುದು ರೂಢಿ. ‘ಇವರ ನಡತೆ ಉತ್ತಮವಾಗಿದೆ’ ಎಂದು ದುಂಡಗೆ ಬರೆದುಕೊಂಡು ಬೆಳಂಬಾರದಿಂದ ಕಾರವಾರಕ್ಕೆ ಬಂದಿದ್ದೆ. ನನಗೆ ಗುರುತಿದ್ದ ಗೆಜೆಟೆಡ್ ಅಧಿಕಾರಿ ಅವರೊಬ್ಬರೇ. ಹಿಂದೆ ಅಂಕೋಲೆಯ ಕಾಲೇಜಿನಲ್ಲಿ ನನಗೆ ಪಾಠ ಹೇಳಿದವರು.

“ಈ ಅಕ್ಷರ ನಾ ಮೊದ್ಲೂ ಒಂದ್ಸಲ ಓದಿದ್ದೆ ಮಾರಾಯ,” ಎಂದರು ಮೆಲ್ಲಗೆ. “ಅಂಕೋಲೆಯಿಂದ ನಂಗೆ ಎತ್ತಂಗಡಿ ಆದಾಗ ಆಫೀಸಲ್ಲಿ ಆ ಮೂಗರ್ಜಿ ತೋರ್ಸಿದ್ರು.”

ಹಾಜರಿ ಕಡಿಮೆಯೆಂದು ಪರೀಕ್ಷೆಗೆ ಕೂರಿಸದ ಸಿಟ್ಟಿಗೆ, ಇವರು ಕುಡಿದು ತರಗತಿಗೆ ಬರುತ್ತಾರೆಂದು ಹೆಸರು ಹಾಕದೆ ಅರ್ಜಿ ಬರೆದವನು ನಾನೇ. ಎಲ್ಲ ಸುಳ್ಳು. ಅವರಿಗೆ ತಿಳಿದಿರಲಿಕ್ಕಿಲ್ಲ ಎಂಬ ಧೈರ್ಯದಲ್ಲೇ ಬಂದಿದ್ದೆ. ‘ತಪ್ಪಾಯ್ತು ಸರ್’ ಎನ್ನುವ ಬದಲು ಮೇಜಿನ ಮೇಲಿದ್ದ ಸೀಲನ್ನೇ ನೋಡಿದೆ. ಸಹಿ ಸಿಗದೆ ಹೋದರೆ ಎಂಬ ಹೆದರಿಕೆಯೇ ದೊಡ್ಡದಾಗಿತ್ತು.

ಅವರು ಸಹಿ ಹಾಕಿ, ಸೀಲು ಒತ್ತಿ, ಶಾಯಿ ಆರಲೆಂದು ಊದಿ ಕೊಟ್ಟರು. “ನಾಳೆ ಹೆದರೂಕೆ ಹೋಗ್ಬೇಡ. ಕೇಳಿದ್ದಕ್ಕೆ ಖರೆ ಹೇಳು, ಸಾಕು.”

ಕೆಲಸ ಸಿಕ್ಕಿತು. ಆ ಪತ್ರದ ಝೆರಾಕ್ಸ್ ಇನ್ನೂ ನನ್ನ ಹತ್ತಿರವಿದೆ. ಅದರಲ್ಲಿ ಸಹಿ ಮಾತ್ರ ಅವರದು. ನನ್ನ ನಡತೆ ಉತ್ತಮ ಎಂದು ಬರೆದವನು ನಾನೇ.