ನಕ್ಷೆಯ ಮೇಲೆ ಅಣ್ಣ

ಮೊನ್ನೆ ಕಪಾಟು ಒರೆಸುವಾಗ ಅಣ್ಣನ ಕೆಲಸದ ಅಂಗಿ ಕೈಗೆ ಬಂತು. ಕಡೆಯ ಸಲ ರಜೆಗೆ ಬಂದಾಗ ಬಿಟ್ಟುಹೋದದ್ದು. ಎಷ್ಟು ಒಗೆದರೂ ಡೀಸೆಲ್ ವಾಸನೆ ಹೋಗಿಲ್ಲ. ಹಿಡಿದುಕೊಂಡು ಅಲ್ಲೇ ಕುಳಿತುಬಿಟ್ಟೆ...

ಇಳಕಲ್ಲಿನ ಕಲ್ಲು ಖಣಿಯಲ್ಲಿ ಕ್ರೇನ್ ನಡೆಸುತ್ತಿದ್ದ ಅಣ್ಣ, ಆಮೇಲೆ ಕೊಲ್ಲಿ ದೇಶದ ಸರಕಿನ ಹಡಗೊಂದನ್ನು ಸೇರಿದ. ಸಮುದ್ರವನ್ನೇ ನೋಡದ ಅವ್ವನಿಗೆ ಒಂದೇ ಚಿಂತೆ. ಅದಕ್ಕೇ ಅವನು ತಾನಿರುವ ಜಾಗ ನನ್ನ ಫೋನಿನ ನಕ್ಷೆಯಲ್ಲಿ ಕಾಣುವಂತೆ ಮಾಡಿಕೊಟ್ಟಿದ್ದ. ನೀಲಿಯ ಮೇಲೆ ಅವನ ಚುಕ್ಕಿ ನೋಡಿದ ಮೇಲೆಯೇ ಅವ್ವ ರೊಟ್ಟಿ ಮುರಿಯುತ್ತಿದ್ದಳು.

ಆ ವರ್ಷ ಅತ್ತ ಕಡೆ ದೇಶ ದೇಶಗಳ ನಡುವೆ ಜಗಳ ಜೋರಾಗಿತ್ತು. ಒಂದು ದಿನ ಫೋನ್ ಮಾಡಿದ. "ಎದುರಿನವರ ಕ್ಷಿಪಣಿ ದಾರಿ ತಪ್ಪಲಿ ಅಂತ ಮಿಲಿಟರಿಯವರು ಉಪಗ್ರಹದ ಸಿಗ್ನಲ್ ಕೆಡಸಾಕತ್ತಾರ. ನಾವು ಇರೂದು ಒಂದು ಕಡೆ, ನಕ್ಷಾದಾಗ ತೋರಸೂದು ಇನ್ನೊಂದು ಕಡೆ."

"ನಿನಗ ಮೊದಲೇ ದಾರಿ ತಿಳಿಯೂದಿಲ್ಲ. ಬಾದಾಮಿಗೆ ಹೊಂಟಾಂವ ಬಾಗಲಕೋಟಿಯೊಳಗ ಇಳದಿದ್ದಿ," ಎಂದೆ.

"ನಗಬ್ಯಾಡ ತಂಗಿ. ನಿನ್ನಿ ನಮ್ಮ ಹಡಗ ಬ್ಯಾರೆ ದೇಶದ ಗಡಿಯೊಳಗ ಹೊಕ್ಕಂಗ ತೋರಿಸ್ತು. ಅವರ ಕಾವಲು ದೋಣಿ ಬಂದೂಕು ಎತ್ತಿಕೊಂಡ ಬಂತು. ನಮ್ಮದೂ ತಪ್ಪಿಲ್ಲ, ಅವರದೂ ತಪ್ಪಿಲ್ಲ. ಒಂದು ಗುಂಡು ಹಾರಿದ್ರ ಎರಡು ದೇಶ ಬಡದಾಡ್ತಿದ್ದುವು."

ನಾನು ಏಳನೆಯ ತರಗತಿ ಓದಿದವಳು, ತಿಳಿಯಲಿಲ್ಲ ಎಂದರೆ ಯಾರಾದರೂ ನಂಬಿಯಾರು. ಆದರೆ ಖರೆ ಹೇಳುತ್ತೇನೆ, ತಿಳಿದಿತ್ತು. ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ ಅಷ್ಟೆ.

ಕೆಲವು ದಿನ ಕಳೆದ ಮೇಲೆ ಅವನ ಚುಕ್ಕಿ ನೆಲದ ಮೇಲೆ ಕಂಡಿತು, ಒಂದು ವಿಮಾನ ನಿಲ್ದಾಣದಲ್ಲಿ. "ಅವ್ವಾ, ಅಣ್ಣ ಹೇಳದಂಗ ಮನಿಗಿ ಹೊಂಟಾನ," ಎಂದೆ. ಅವ್ವ ಹುಗ್ಗಿಗೆ ಗೋಧಿ ತರಲು ಅಂಗಡಿಗೆ ಹೋದಳು. ನಾನು ಮಗ್ಗದ ನೂಲಿಗೆ ಗಂಜಿ ಹಚ್ಚುತ್ತಿದ್ದೆ. ಆಗ ಅವನ ಫೋನ್ ಬಂತು. ಕೈಯೆಲ್ಲ ಅಂಟು. ಬಂದ ಮೇಲೆ ಮಾತಾಡಿದರಾಯಿತೆಂದು ಸುಮ್ಮನಾದೆ. ಮತ್ತೊಮ್ಮೆ ಬಂತು... ಆಗಲೂ ಎತ್ತಲಿಲ್ಲ.

ಅಣ್ಣ ಸಮುದ್ರದಲ್ಲೇ ಇದ್ದ. ದಾರಿ ಕೆಟ್ಟ ಇನ್ನೊಂದು ಹಡಗು ಬಂದು ಅವರದಕ್ಕೆ ಬಡಿಯಿತೆಂದು ಅವನ ಜತೆಗಾರ ಮರುದಿನ ತಿಳಿಸಿದ. ಉಳಿದವರನ್ನು ನೀರಿನಿಂದ ಎತ್ತಿದರು. ಅಣ್ಣ ಸಿಗಲಿಲ್ಲ.

ಏನು ಹೇಳುವುದಿತ್ತೋ... ಅಂಜಿದ್ದನೋ, ನಕ್ಷೆ ನಂಬಬೇಡಿರಿ, ನಾ ಬರುತ್ತಿಲ್ಲ ಎನ್ನುವುದಿತ್ತೋ.

ಅವ್ವ ಈಗಲೂ ಅವನನ್ನೇ ಬೈಯುತ್ತಾಳೆ. "ಕಲ್ಲ ಮನಸಿನಾಂವ. ಹೋಗೂ ಮುಂದ ತಾಯಿಗೆ ಒಂದು ಫೋನರೆ ಮಾಡಬಾರದಿತ್ತೇನು?"

ಮಾಡಿದ್ದ ಅವ್ವಾ, ಎಂದು ನಾನು ಇನ್ನೂ ಹೇಳಿಲ್ಲ.